ಮೇಡಂಗೆ ಚಕ್ಕೋತದ ಶರಬತ್ತು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಗಿಂತ ಮಗ್ಗದ ಶೆಡ್ಡೇ ದೊಡ್ಡದು. ನಮ್ಮದೂ ಹಾಗೇ. ಮುಂದೆ ಎರಡು ಕೋಣೆ, ಒಂದು ಅಡಿಗೆಮನೆ. ಹಿಂದೆ ಉದ್ದಕ್ಕೆ ಪವರ್‌ಲೂಮಿನ ಶೆಡ್ಡು, ಅದಕ್ಕೆ ಅಂಟಿಕೊಂಡಂತೆ ನೂಲಿಗೆ ಬಣ್ಣ ಹಾಕುವ ಪುಟ್ಟ ಕೋಣೆ. ಮದುವೆಯಾಗಿ ಬಂದ ಹೊಸದರಲ್ಲಿ ಮಗ್ಗದ ಸದ್ದಿಗೆ ನನಗೆ ತಲೆ ಸಿಡಿಯುತ್ತಿತ್ತು. ಆಮೇಲಾಮೇಲೆ ಕರೆಂಟು ಹೋಗಿ ಮಗ್ಗ ನಿಂತಾಗಲೇ ಕಿವಿಗೆ ಏನೋ ಆದಂತಾಗುತ್ತಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಮ್ಮ ಮನೆಯವರು ಸೀರೆಯ ಜೊತೆಗೆ ಬರೀ ಬಿಳಿ ರೇಷ್ಮೆ ಬಟ್ಟೆಯನ್ನೂ ನೇಯಿಸುತ್ತಿದ್ದರು. ಅದನ್ನು ಕೊಳ್ಳಲು ತಿಂಗಳಿಗೊಮ್ಮೆ ಬೆಂಗಳೂರಿನ ದಂಡು, ಅಂದರೆ ಕಂಟೋನ್ಮೆಂಟಿನ ಕಡೆಯಿಂದ ಒಬ್ಬ ಹೆಂಗಸು ಕಾರಿನಲ್ಲಿ ಬರುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಮೊಣಕಾಲು ಮುಚ್ಚುವ ಫ್ರಾಕು, ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿದ ಕನ್ನಡಕ. ತಾತ ಇಂಗ್ಲಿಷಿನವನಂತೆ, ಅಜ್ಜಿ ತಮಿಳಿನವಳಂತೆ. ಗಂಡ ತೀರಿಕೊಂಡ ಮೇಲೆ ನಾಲ್ಕು ಜನ ದರ್ಜಿಗಳನ್ನಿಟ್ಟುಕೊಂಡು ರೇಷ್ಮೆಯ ಉಡುಪು ಹೊಲಿಸಿ ಹೊರದೇಶಕ್ಕೆ ಕಳಿಸುತ್ತಿದ್ದರು. ಬೀದಿಯವರಿಗೆಲ್ಲ ಅವರು ಮೇಡಂ. ನಮಗೂ ಮೇಡಂ.

ಬಂದವರು ಕಿಟಕಿಯ ಬೆಳಕಿಗೆ ಬಟ್ಟೆ ಹಿಡಿದು, ಮುಂಗೈ ಮೇಲೆ ಎಳೆದೆಳೆದು ನೋಡಿ, ಎಲ್ಲಾದರೂ ಎಳೆ ತಪ್ಪಿದ್ದರೆ ಬೆರಳಿಟ್ಟು ತೋರಿಸುತ್ತಿದ್ದರು. ಕೆಲಸ ಮುಗಿದ ಮೇಲೆ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು, ಚೀಲದಿಂದ ಫ್ಲಾಸ್ಕು ತೆಗೆದು, ಅದರ ಮುಚ್ಚಳಕ್ಕೆ ಬಗ್ಗಿಸಿಕೊಂಡು ನಿಧಾನವಾಗಿ ಕುಡಿಯುತ್ತಿದ್ದರು. ನಮ್ಮ ಮನೆಯವರಿಗೆ ಅದು ಸಂಕೋಚ. ಒಂದು ಸಲ ಕೇಳಿಯೇಬಿಟ್ಟರು.

"ಮೇಡಂ, ನಮ್ಮನೇಲೇ ಟೀ ಮಾಡಿಕೊಡ್ತೀವಿ. ನೀವ್ಯಾಕೆ ಹೊತ್ಕೊಂಡ್ ಬರ್ತೀರಿ?"

ಮೇಡಂ ನಕ್ಕರು. "ಇದು ಟೀ ಅಲ್ಲಪ್ಪಾ," ಅಂದು ಮುಚ್ಚಳವನ್ನು ಅವರ ಮೂಗಿನ ಹತ್ತಿರ ಹಿಡಿದರು. ನಮ್ಮ ಮನೆಯವರು ಎರಡು ಹೆಜ್ಜೆ ಹಿಂದಕ್ಕೆ ಸರಿದಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ.

ಅವರು ಕುಡಿಯುವವರಲ್ಲ. ಬೀಡಿ, ಎಲೆಅಡಿಕೆಯನ್ನೂ ಮುಟ್ಟಿದವರಲ್ಲ. ಆದರೆ ವ್ಯಾಪಾರದ ಮನುಷ್ಯ. ಊರಿನ ಇನ್ನಿಬ್ಬರು ಮಗ್ಗದವರು ಮೇಡಂ ಅನ್ನು ತಮ್ಮ ಕಡೆ ಎಳೆದುಕೊಳ್ಳಲು ನೋಡುತ್ತಿದ್ದ ಕಾಲ ಅದು. ಒಂದು ಬೆಳಿಗ್ಗೆ ನಾನು ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದಾಗ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಸುತ್ತಿಟ್ಟ ಒಂದು ಕಂಡಿಕೆಯನ್ನು ಕೈಯಲ್ಲಿ ಹೊರಳಿಸುತ್ತಾ, "ಮೇಡಂಗೆ ಆ ಗ್ಲಾಸು ನಮ್ಮನೇಲೇ ಕೊಟ್ರೆ ಹೆಂಗೆ ಅಂತ. ಬಾಟ್ಲಿ ನಾನು ತರ್ತೀನಿ, ಕಲಸಿಕೊಡೋದು ಅವರೇ ಹೇಳ್ಕೊಡ್ತಾರಂತೆ. ನಿಮ್ಮಪ್ಪನ ವಿಷಯ ಗೊತ್ತಿದ್ದೂ ಕೇಳ್ತಿದೀನಿ. ನೀನು ಬೇಡ ಅಂದ್ರೆ ಬೇಡ," ಅಂದರು.

ನಾನು ಬೇಡ ಅನ್ನಬೇಕಾಗಿತ್ತು. ಯೋಚನೆ ಮಾಡುತ್ತೇನೆ ಅಂತಲಾದರೂ ಅನ್ನಬಹುದಾಗಿತ್ತು. "ಆಯ್ತು ಬಿಡಿ," ಅಂದೆ. ಅಷ್ಟು ಬೇಗ ಅಂದಿದ್ದಕ್ಕೆ ಅವರಿಗೇ ಆಶ್ಚರ್ಯವಾಯಿತು.

ನಮ್ಮಪ್ಪ ದೇವನಹಳ್ಳಿಯಲ್ಲಿ ಕೈಮಗ್ಗದ ನೇಕಾರ. ಒಳ್ಳೆಯ ಕೈ, ಅಂಚು ಹಾಕಿದರೆ ನೋಡುವವರು ನಿಂತು ನೋಡಬೇಕು. ಪಾನನಿರೋಧ ಇದ್ದ ಕಾಲದಲ್ಲೇ ಕಳ್ಳಭಟ್ಟಿಗೆ ಬಿದ್ದರು. ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟುಕೊಂಡು, ಹಾಸಿನ ಎಳೆಗಳ ಮೇಲೆ ತಲೆ ಒರಗಿಸಿ ಮಲಗಿಬಿಡುತ್ತಿದ್ದರು. ಕೊಳೆತ ಬೆಲ್ಲದಂಥ, ಸುಟ್ಟ ರಬ್ಬರಿನಂಥ ಆ ವಾಸನೆ ಮನೆಯಲ್ಲಿದ್ದ ನೂಲಿಗೂ ಹತ್ತಿಕೊಂಡಿತ್ತು. ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ ಹೋದರು. ನಾನಾಗ ಮೈನೆರೆದು ಒಂದು ವರ್ಷವೂ ಆಗಿರಲಿಲ್ಲ. ಅಮ್ಮ ಊರವರಿಗೆಲ್ಲ ಕಂಡಿಕೆ ಸುತ್ತಿ, ರೇಷ್ಮೆ ಗೂಡು ಬಿಡಿಸಿ ನನ್ನನ್ನು ಸಾಕಿದರು. ನನಗೆ ಗಂಡು ನೋಡುವಾಗ ಮನೆ, ಮಗ್ಗ, ಒಡವೆ ಯಾವುದನ್ನೂ ವಿಚಾರಿಸದೆ ಒಂದೇ ಮಾತು ಕೇಳಿದ್ದರು: "ಹುಡುಗ ಕುಡಿಯಲ್ಲ ತಾನೆ?"

ಆ ಅಮ್ಮನ ಮಗಳು ನಾನು.

ಮೊದಲನೇ ಪಾಠಕ್ಕೆ ಮೇಡಂ ಅಡಿಗೆಮನೆಯೊಳಗೇ ಬಂದರು, ಬಾಗಿಲಲ್ಲಿ ತಾವಾಗಿಯೇ ಚಪ್ಪಲಿ ಬಿಟ್ಟು. ನಮ್ಮ ಮನೆಯವರು ಬಸ್‌ಸ್ಟ್ಯಾಂಡ್ ಹತ್ತಿರದ ಐಸ್‌ಕ್ಯಾಂಡಿ ಅಂಗಡಿಯಿಂದ ಮರದ ಹೊಟ್ಟಿನಲ್ಲಿ ಮುಚ್ಚಿ, ಗೋಣಿಯಲ್ಲಿ ಸುತ್ತಿ ಐಸ್ ಗಡ್ಡೆ ತಂದಿದ್ದರು. ಬೆಂಗಳೂರಿನಿಂದ ತಂದ ಜಿನ್ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, ದೇವರ ಪಟದ ಕಡೆ ನೋಡದೆ ಶೆಡ್ಡಿಗೆ ಹೋಗಿಬಿಟ್ಟರು.

"ಐಸ್ ಫಸ್ಟು ಅಮ್ಮಾ," ಅಂದರು ಮೇಡಂ. ಅವರ ಕನ್ನಡದಲ್ಲಿ ತಮಿಳು, ಇಂಗ್ಲಿಷು ಎಲ್ಲ ಕಲಸಿಕೊಂಡಿರುತ್ತಿತ್ತು. "ಐಸ್‌ಗೆ ಕಂಜೂಸ್ ಮಾಡ್ಬೇಡ. ಕಮ್ಮಿ ಹಾಕಿದ್ರೆ ಬೇಗ ಕರಗಿ ಎಲ್ಲಾ ನೀರ್ ನೀರ್ ಆಗ್ತದೆ."

ಬಾಟಲಿಯ ಮುಚ್ಚಳ ತಿರುಗಿಸುವಾಗ ಉಸಿರು ಬಿಗಿಹಿಡಿದಿದ್ದೆ. ಎಷ್ಟು ಹೊತ್ತು ಹಿಡಿಯಲು ಸಾಧ್ಯ? ಬಿಟ್ಟೆ. ಮೂಗಿಗೆ ಬಂದದ್ದು ಅಪ್ಪನ ವಾಸನೆ ಅಲ್ಲ. ಆಗತಾನೆ ಜಜ್ಜಿದ ಕೊತ್ತಂಬರಿ ಬೀಜ, ಅದರ ಜೊತೆಗೆ ನಿಂಬೆ ಸಿಪ್ಪೆ, ಕಾಡಿನ ಯಾವುದೋ ಸೊಪ್ಪು. ನನಗೆ ಹಿಡಿಸಿತು. ಅಸಹ್ಯವಾಗಲಿ ಅಂತ ಕಾಯುತ್ತಾ ನಿಂತಿದ್ದೆ, ಆಗಲೇ ಇಲ್ಲ. ತಪ್ಪು ಮಾಡುತ್ತಿದ್ದೇನೆ ಅಂತ ಮೊದಲ ಸಲ ಅನ್ನಿಸಿದ್ದು ಆಗಲೇ. ಬಾಟಲಿ ಮನೆಗೆ ಬಂದದ್ದಕ್ಕಲ್ಲ, ಆ ವಾಸನೆ ಚೆನ್ನಾಗಿದೆ ಅನ್ನಿಸಿದ್ದಕ್ಕೆ.

ಮೇಡಂ ಮೊದಲು ಕಲಿಸಿದ್ದು ಗಿಮ್ಲೆಟ್. ಸಕ್ಕರೆ ಪಾಕವನ್ನು ಎಳೆ ಬರುವ ಮೊದಲೇ ಇಳಿಸಿ, ಅದು ಬಿಸಿಯಿರುವಾಗಲೇ ನಿಂಬೆಯ ಹಸಿರು ಸಿಪ್ಪೆ ತುರಿದು ಹಾಕಿ, ಆರಿದ ಮೇಲೆ ರಸ ಹಿಂಡಿ ಸೋಸಿಡುವುದು. ಜಿನ್ನಿಗೆ ಅದನ್ನು ಸೇರಿಸಿ ಐಸಿನ ಜೊತೆ ಕುಲುಕುವುದು. ಕುಲುಕುವುದಕ್ಕೆ ಸಾಮಾನು ಬೇಕಲ್ಲ, ನನ್ನ ಮದುವೆಗೆ ಅಮ್ಮ ಕೊಟ್ಟಿದ್ದ ತಿರುಪು ಮುಚ್ಚಳದ ಸ್ಟೀಲ್ ಕೂಜ ಸಿಕ್ಕಿತು. ಬಸ್ಸಿನಲ್ಲಿ ಓಡಾಡುವಾಗ ನೀರಿಗಿರಲಿ ಅಂತ ಕೊಟ್ಟಿದ್ದರು. ಬಟ್ಟೆ ಸುತ್ತಿ ಎರಡೂ ಕೈಯಲ್ಲಿ ಹಿಡಿದು ಕುಲುಕಿದೆ. "ನೀನ್ ಮಗು ಆಡಿಸ್ತಿದೀಯಾ? ಜೋರಾಗಿ!" ಅಂದರು ಮೇಡಂ. ಕೂಜದ ಮೈಮೇಲೆ ಬೆವರು ಮೂಡಿ, ಆಮೇಲೆ ಬಿಳಿಯ ಮಂಜು ಕಟ್ಟಿಕೊಂಡಾಗ, "ಸಾಕು," ಅಂದರು.

ಅವರು ಒಂದು ಗುಟುಕು ಕುಡಿದು ಮುಖ ಓರೆ ಮಾಡಿದರು. "ಸಕ್ಕರೆ ಜಾಸ್ತಿ. ನೀನೇ ನೋಡು."

"ಅಯ್ಯೋ, ನಾನು ಹೆಂಗೆ ಮೇಡಂ?"

"ಸಾರಿಗೆ ಉಪ್ಪು ಹೆಂಗ್ ನೋಡ್ತೀಯಾ? ಹಂಗೇ."

ಚಮಚದ ತುದಿಯಲ್ಲಿ ಒಂದು ಹನಿ ನಾಲಿಗೆಗೆ ಹಾಕಿಕೊಂಡೆ. ತಣ್ಣಗೆ, ಹುಳ್ಳಗೆ, ಹಿಂದೆಯೇ ಸಣ್ಣಗೆ ಸುಡುವಂಥದ್ದು. ಸಕ್ಕರೆ ಜಾಸ್ತಿಯೇ ಆಗಿತ್ತು. ಎರಡನೆಯದನ್ನು ಸರಿ ಮಾಡಿದೆ. ಅವತ್ತು ಸಂಜೆ ಬಾಯಲ್ಲಿ ಲವಂಗ ಇಟ್ಟುಕೊಂಡೇ ಓಡಾಡಿದೆ. ದೀಪ ಹಚ್ಚಲು ಮನಸ್ಸು ಬರದೆ ನಮ್ಮ ಮನೆಯವರಿಗೇ ಹಚ್ಚಲು ಹೇಳಿದೆ. ಅವರು ಕೈ ತೊಳೆದು ಬಂದು ಹಚ್ಚಿದರು.

ಹೀಗೆ ಶುರುವಾದದ್ದು ಒಂದೊಂದೇ ತಿಂಗಳು ಬೆಳೆಯಿತು. ಗೋಲಿ ಸೋಡಾ ಸುರಿದು ಉದ್ದ ಲೋಟದಲ್ಲಿ ಕೊಡುವ ಟಾಮ್ ಕಾಲಿನ್ಸ್ ಕಲಿತೆ. ಗೋಲಿ ಒತ್ತಿದಾಗ ಬರುವ ಮೊದಲನೇ ಗುಳ್ಳೆಗಳನ್ನು ಹಾಗೇ ಉಳಿಸಿಕೊಳ್ಳಬೇಕು, ಚಮಚದಲ್ಲಿ ಒಂದೇ ಸುತ್ತು ತಿರುವಬೇಕು. ವಿಸ್ಕಿಯ ಓಲ್ಡ್ ಫ್ಯಾಶನ್ಡ್ ಮಾಡಲು ಮೇಡಂ ತಮ್ಮ ಮನೆಯಿಂದ ಬಿಟರ್ಸ್ ಅನ್ನುವ ಕಹಿಯ ಪುಟ್ಟ ಸೀಸೆಯೊಂದನ್ನು ಪೇಪರಿನಲ್ಲಿ ಸುತ್ತಿ ತಂದರು. ಕಷಾಯದ ಸೀಸೆಯಂತಿತ್ತು. ಒಂದು ಹನಿ ಹೆಚ್ಚಾದರೂ ಲೋಟವೆಲ್ಲ ಬೇವಿನ ಸೊಪ್ಪು ಅರೆದಂತಾಗುತ್ತಿತ್ತು. ಮೊಟ್ಟೆಯ ಬಿಳಿ ಹಾಕಿ ಮಾಡುವ ಒಂದನ್ನೂ ಹೇಳಿಕೊಟ್ಟರು. ಅದನ್ನು ಮಾಡಿದೆನಾದರೂ ಚಮಚದಲ್ಲಿ ರುಚಿ ನೋಡಲು ನನ್ನಿಂದಾಗಲಿಲ್ಲ.

ಮೇಡಂ ಕುಡಿಯುತ್ತಿದ್ದದ್ದು ಒಂದೇ ಲೋಟ. ಎರಡನೆಯದನ್ನು ಎಂದೂ ಕೇಳಿದವರಲ್ಲ. ಕುಡಿದು ಮುಗಿಸಿ, ಮರದ ನೆರಳಿನಲ್ಲಿ ಕಾಯುತ್ತಿದ್ದ ಡ್ರೈವರನ್ನು ಕರೆದು ಹೊರಟುಬಿಡುತ್ತಿದ್ದರು. ಆ ಒಂದು ಲೋಟಕ್ಕಾಗಿ ನಾನು ತಿಂಗಳೆಲ್ಲ ಕಾಯುವಂತಾಯಿತು. ಅಡಿಗೆಯನ್ನು ಮನೆಯವರೆಲ್ಲ ತಿನ್ನುತ್ತಾರೆ, ಯಾರೂ ಏನೂ ಹೇಳುವುದಿಲ್ಲ. ಮೇಡಂ ಮಾತ್ರ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ನಿನ್ ಕೈ ರೊಂಬ ಚೆನ್ನಾಗಿದೆ ಅಮ್ಮಾ," ಅನ್ನುತ್ತಿದ್ದರು. ಆ ಮಾತು ಕಿವಿಯಲ್ಲಿಟ್ಟುಕೊಂಡು ವಾರಗಟ್ಟಲೆ ಕಂಡಿಕೆ ಸುತ್ತುತ್ತಿದ್ದೆ. ಹಾಗೆ ಸುತ್ತುವಾಗಲೇ ಅಮ್ಮನ ನೆನಪಾಗಿ ಕೈ ನಿಂತುಹೋಗುತ್ತಿತ್ತು.

ಚಕ್ಕೋತ ತಂದದ್ದು ಅಮ್ಮನೇ. ದೇವನಹಳ್ಳಿಯಲ್ಲಿ ಅವರು ಇದ್ದ ವಠಾರದ ಹಿತ್ತಲಲ್ಲಿ ಒಂದು ಚಕ್ಕೋತದ ಮರವಿತ್ತು. ನನ್ನನ್ನು ನೋಡಲು ಬರುವಾಗ ಮಗುವಿನ ತಲೆಯಷ್ಟು ದಪ್ಪದ ಹಣ್ಣುಗಳನ್ನು ಚೀಲದಲ್ಲಿ ಹೊತ್ತು ಬಸ್ಸು ಬದಲಾಯಿಸಿ ಬರುತ್ತಿದ್ದರು. ಒಮ್ಮೆ ಅವರು ಬಂದ ದಿನವೇ ಮೇಡಂ ಕೂಡ ಬಂದರು. ಅಮ್ಮ ತೊಳೆ ಬಿಡಿಸಿ, ಉಪ್ಪು ಕಾರದ ಪುಡಿ ಉದುರಿಸಿ ಕೊಟ್ಟರು. ಮೇಡಂ ತಿಂದು, ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದರು. ಅವರ ಕಣ್ಣು, ಬೆರಳಿನ ಸನ್ನೆ ನೋಡಿಯೇ ಅರ್ಥವಾಯಿತು. ಲೋಟದ ಅಂಚಿಗೆ ನಿಂಬೆ ಸವರಿ, ಉಪ್ಪಿನ ತಟ್ಟೆಗೆ ಬೋರಲು ಹಾಕಿ, ಜಿನ್ನಿಗೆ ಚಕ್ಕೋತದ ರಸ ಸೇರಿಸಿ ಕೊಡಬೇಕು.

ಅಮ್ಮ ಅಡಿಗೆಮನೆಯಲ್ಲೇ ಇದ್ದರು. "ಮೇಡಂಗೆ ಶರಬತ್ತು ಮಾಡ್ಬೇಕಂತೆ ಕಣಮ್ಮ," ಅಂದೆ. ಅಷ್ಟೇ ಸಾಕಾಯಿತು. ಅಮ್ಮ ಕಾಲು ಚಾಚಿ ಕೂತು, ಒಂದೊಂದೇ ತೊಳೆಯ ಮೇಲಿನ ಬಿಳಿಯ ಪೊರೆಯನ್ನು ಬಿಡಿಸಿ, ಬೀಜ ತೆಗೆದು, ರಸ ಹಿಂಡಿ ಕೊಟ್ಟರು. ಒಂದು ಚೂರು ಕಹಿ ಬರದ ಹಾಗೆ. ನಾನು ಅದನ್ನು ತೆಗೆದುಕೊಂಡು ಬಣ್ಣದ ಕೋಣೆಗೆ ಹೋದೆ. ಬಾಟಲಿ ಇರುತ್ತಿದ್ದದ್ದು ಅಲ್ಲಿ, ಅಟ್ಟಣಿಗೆಯ ಮೇಲೆ, ನೂಲಿನ ಬುಟ್ಟಿಯ ಹಿಂದೆ. ಮಗ್ಗದ ಸದ್ದಿನಲ್ಲಿ ಕೂಜ ಕುಲುಕಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಆದರೆ ಅವತ್ತು ನಾನು ಕುಲುಕುತ್ತಿರುವಾಗಲೇ ಕರೆಂಟು ಹೋಯಿತು. ಬೀದಿಯ ಅಷ್ಟೂ ಮಗ್ಗಗಳು ಒಟ್ಟಿಗೆ ನಿಂತವು. ಆ ನಿಶ್ಶಬ್ದದಲ್ಲಿ ಗಲಗಲ ಅಂತ ನನ್ನ ಕೂಜ ಒಂದೇ.

"ಏನೇ ಅದು ಸದ್ದು?" ಅಂತ ಅಮ್ಮ ಅಡಿಗೆಮನೆಯಿಂದ ಕೂಗಿದರು.

"ಐಸು ಕಣಮ್ಮ. ಶರಬತ್ತು ಕಲಕ್ತಿದೀನಿ."

"ನಿಧಾನ ಕಣೇ, ಚೆಲ್ಲಿಬಿಟ್ಟೀಯಾ."

ಮೇಡಂ ಲೋಟ ಖಾಲಿ ಮಾಡಿ ಅಮ್ಮನ ಕೈ ಹಿಡಿದುಕೊಂಡು, "ರೊಂಬ ಥ್ಯಾಂಕ್ಸ್ ಅಮ್ಮಾ," ಅಂದರು. ಅಮ್ಮನಿಗೆ ಹಿಗ್ಗೋ ಹಿಗ್ಗು. ಅಷ್ಟು ದೊಡ್ಡ ಹೆಂಗಸು ತನ್ನ ಹಣ್ಣಿನ ಶರಬತ್ತು ಮೆಚ್ಚಿದಳು ಅಂತ ವಠಾರಕ್ಕೆಲ್ಲ ಹೇಳಿಕೊಂಡರಂತೆ. ಆಮೇಲೆ ಹಣ್ಣಿನ ಕಾಲದಲ್ಲಿ ಮೇಡಂ ಬರುವ ದಿನ ಕೇಳಿಕೊಂಡು, ಹಿಂದಿನ ದಿನವೇ ಚೀಲ ಹೊತ್ತು ಬರತೊಡಗಿದರು. ಭುಜದ ಮೇಲೆ ಚೀಲದ ಹಿಡಿ ಒತ್ತಿ ಕೆಂಪಗೆ ಗೆರೆ ಬಿದ್ದಿರುತ್ತಿತ್ತು. "ಯಾಕಮ್ಮ ಇಷ್ಟೊಂದು ಹೊತ್ಕೊಂಡ್ ಬರ್ತೀಯ?" ಅಂದರೆ, "ನಿನ್ ಗಂಡನ ವ್ಯಾಪಾರಕ್ಕೆ ನಾನು ಇನ್ನೇನ್ ಕೊಡಕ್ಕಾಗತ್ತೆ ಮಗಾ," ಅನ್ನುತ್ತಿದ್ದರು. ಆ ಭುಜಕ್ಕೆ ಎಣ್ಣೆ ಹಚ್ಚುತ್ತಾ ಎಷ್ಟೋ ಸಲ ಹೇಳಿಬಿಡೋಣ ಅಂದುಕೊಂಡೆ. ಹೇಳಿದರೆ ಅಮ್ಮ ಇನ್ನು ಬರುವುದಿಲ್ಲ ಅನ್ನುವ ಭಯ. ಹೇಳಿದರೆ ಮಾಡುವುದನ್ನು ಬಿಡಬೇಕಾಗುತ್ತದೆ ಅನ್ನುವುದು ಅದಕ್ಕಿಂತ ಒಳಗಿದ್ದ ಭಯ.

ಒಂದು ದಿನ ಅಮ್ಮ ಹೇಳದೆ ಕೇಳದೆ ಬಂದರು. ನಮ್ಮ ಬೀದಿಯಲ್ಲಿ ಯಾರೋ ಬಾಣಂತಿಯನ್ನು ನೋಡಲು ಬಂದವರು. ನಾನು ನೀರಿಗೆ ಹೋಗಿದ್ದೆ. ಸುಮ್ಮನೆ ಕೂರುವ ಜೀವವಲ್ಲ ಅದು, ಬಣ್ಣದ ಕೋಣೆ ಗುಡಿಸಿ, ಅಟ್ಟಣಿಗೆಯ ಧೂಳು ಹೊಡೆಯಲು ಹೋಗಿದ್ದಾರೆ. ನಾನು ಬಿಂದಿಗೆ ಇಳಿಸಿ ಒಳಗೆ ಬಂದಾಗ ನೆಲದ ಮೇಲೆ ಕೂತಿದ್ದರು. ಮುಂದೆ ಬಾಟಲಿ. ಮುಚ್ಚಳ ತೆಗೆದು ಮೂಸಿ ನೋಡಿದ್ದರು. ವಾಸನೆ ಬೇರೆಯಾದರೂ ಕಂಡುಹಿಡಿಯಲು ಅವರಿಗೆ ಕಷ್ಟವಾಗಿರಲಿಲ್ಲ.

"ನಿನ್ ಹಣೇಲೂ ಇದೇ ಬರೆದಿತ್ತೇನೇ?" ಅಂದರು. ದನಿ ಏರಲಿಲ್ಲ. "ನಾನು ಅಷ್ಟು ವಿಚಾರಿಸಿ ಕೊಟ್ನಲ್ಲೇ. ಯಾವಾಗಿಂದ ಕುಡೀತಿದಾರೆ?"

ಇಷ್ಟು ವರ್ಷಗಳಾದ ಮೇಲೂ ಆ ಹೊತ್ತನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಅವರಲ್ಲಮ್ಮ ಅನ್ನುವ ಒಂದು ಮಾತು ಬಾಯಿಗೆ ಬಂದಿದ್ದರೆ ಸಾಕಾಗಿತ್ತು. ನನಗೆ ಬಂದದ್ದು ಅಳು. ಅಮ್ಮ ಆ ಅಳುವನ್ನು ಹೌದು ಅಂತ ತಿಳಿದುಕೊಂಡರು. ಹಾಗೆ ತಿಳಿದುಕೊಳ್ಳಲಿ ಅಂತ ನಾನು ಸುಮ್ಮನಿದ್ದೆ.

ನಮ್ಮ ಮನೆಯವರು ಊಟಕ್ಕೆ ಬಂದರು. ಕಾಲು ತೊಳೆದು ಒಳಗೆ ಬರುತ್ತಿದ್ದ ಹಾಗೆ ಅಮ್ಮ ಎದ್ದು ಹೋಗಿ ಕೈ ಮುಗಿದರು. "ಅಪ್ಪಾ, ನಿಮ್ ಕಾಲು ಬೇಕಾದ್ರೂ ಹಿಡ್ಕೋತೀನಿ. ಬಿಟ್ಬಿಡಿ. ನನ್ ಮಗಳಿಗೆ ನನ್ ಗತಿ ತರಬೇಡಿ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ನೆಲದ ಮೇಲಿದ್ದ ಬಾಟಲಿ ನೋಡಿದರು. ನನ್ನ ಕಡೆ ನೋಡಿದರು. ನಾನು ನೆಲ ನೋಡುತ್ತಿದ್ದೆ.

"ಆಯ್ತು ಅತ್ತೆ," ಅಂದರು. "ಮುಟ್ಟಲ್ಲ. ನೀವು ಅಳಬೇಡಿ."

ಅಮ್ಮ ಕಣ್ಣೊರೆಸಿಕೊಂಡರು. "ನೀವು ಮಾತು ಉಳಿಸಿಕೊಳ್ಳಿ, ನಾನೂ ಒಂದು ಮಾತು ಕೊಡ್ತೀನಿ. ಇವತ್ತಿಂದ ನಾನು ಕಾಫಿ ಕುಡಿಯಲ್ಲ. ನೀವು ಬಿಟ್ಟಿದೀರಿ ಅಂತ ನನ್ ಮನಸ್ಸಿಗೆ ಗಟ್ಟಿ ಆಗೋವರೆಗೂ ಕುಡಿಯಲ್ಲ."

ಅಮ್ಮನಿಗೆ ಇದ್ದದ್ದು ಅದೊಂದೇ ಆಸೆ. ಬೇರೆ ಏನಿಲ್ಲದಿದ್ದರೂ ಕಾಫಿ ಬೀಜ ಹುರಿದು, ಪುಡಿ ಮಾಡಿಸಿ, ಬೆಳಿಗ್ಗೆ ಒಂದು ಲೋಟ, ಮಧ್ಯಾಹ್ನ ಒಂದು ಲೋಟ ಕುಡಿಯುತ್ತಿದ್ದರು. ಅವತ್ತು ಸಂಜೆಯೇ ತಲೆನೋವು ಬಂತು. ಹಣೆಗೆ ಬಟ್ಟೆ ಬಿಗಿದುಕೊಂಡು ಬಸ್ಸು ಹತ್ತಿದರು.

ಅವರು ಹೋದ ಮೇಲೆ ನಾನು ಗಂಡನ ಮುಂದೆ ಕೂತು ಅತ್ತೆ. "ಯಾಕೆ ಒಪ್ಕೊಂಡ್ರಿ? ಸುಳ್ಳಲ್ವಾ ಅದು?"

"ಮುಟ್ಟಲ್ಲ ಅಂದೆ. ಅದ್ರಲ್ಲಿ ಸುಳ್ಳೇನಿದೆ?" ಅಂದು ನಗಲು ನೋಡಿದರು. ಆಮೇಲೆ, "ಹೇಳ್ಬಿಡು. ನಾನು ಹೇಳಿದ್ರೆ ನಿನ್ನ ಮೇಲೆ ಚಾಡಿ ಹೇಳ್ದಂಗಾಗತ್ತೆ. ನೀನೇ ಹೇಳು," ಅಂದರು.

ನಾನು ಹೇಳಲಿಲ್ಲ. ಮೇಡಂ ಬರುವುದೂ ನಿಲ್ಲಲಿಲ್ಲ, ಲೋಟವೂ ನಿಲ್ಲಲಿಲ್ಲ. ಬಾಟಲಿಯನ್ನು ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟೆ, ಅಷ್ಟೇ. ಅಮ್ಮ ಬಂದಾಗಲೆಲ್ಲ ಅಳಿಯನಿಗೆ ಬಡಿಸುವ ನೆಪದಲ್ಲಿ ಹತ್ತಿರ ಬಗ್ಗಿ ಉಸಿರು ಮೂಸುತ್ತಿದ್ದರು. ನಮ್ಮ ಮನೆಯವರಿಗದು ಗೊತ್ತಾಗುತ್ತಿತ್ತು. ಗೊತ್ತಾಗದವರಂತೆ ಊಟ ಮಾಡುತ್ತಿದ್ದರು. ಎಂದೂ ಕುಡಿಯದ ಮನುಷ್ಯ, ಕುಡಿತ ಬಿಟ್ಟವನ ಹಾಗೆ ತಲೆ ತಗ್ಗಿಸಿಕೊಂಡು.

ಅದಕ್ಕಿಂತ ಹೆಚ್ಚಿನದು ಇನ್ನೂ ಇತ್ತು. ಚಕ್ಕೋತದ ಕಾಲ ಮತ್ತೆ ಬಂದಾಗ ಅಮ್ಮ ಎಂದಿನಂತೆ ಚೀಲ ಹೊತ್ತು ಬಂದರು. ಬಾಟಲಿಗೂ ಮೇಡಂಗೂ ಸಂಬಂಧವಿದೆ ಅನ್ನುವುದು ಅವರಿಗೆ ಹೊಳೆದೇ ಇರಲಿಲ್ಲ. ಆ ಮಧ್ಯಾಹ್ನ ಮೇಡಂ ವರಾಂಡದಲ್ಲಿ ಉಪ್ಪಿನ ಅಂಚಿನ ಲೋಟ ಹಿಡಿದು ಕೂತಿದ್ದರು. ನಾನು ಬಾಗಿಲಲ್ಲಿದ್ದೆ. ಅಮ್ಮ ಅವರ ಕಾಲ ಹತ್ತಿರ ಮೆಟ್ಟಿಲ ಮೇಲೆ ಕೂತು ದನಿ ತಗ್ಗಿಸಿ ಮಾತು ತೆಗೆದರು.

"ಮೇಡಂ, ನೀವು ದೊಡ್ಡೋರು. ನಿಮ್ ಮಾತು ನಮ್ ಅಳಿಯ ತೆಗೆದುಹಾಕಲ್ಲ. ಅವರು ಕುಡಿಯೋದು ಕಲ್ತುಬಿಟ್ಟಿದ್ರು. ಬಿಟ್ಟಿದೀನಿ ಅಂತಾರೆ, ನನ್ ಜೀವಕ್ಕೆ ಧೈರ್ಯ ಇಲ್ಲ. ನೀವಾದ್ರೂ ಒಂದ್ ಮಾತು ಬುದ್ಧಿ ಹೇಳಿ. ನನ್ ಗಂಡ ಇದ್ರಲ್ಲೇ ಹೋದ್ರು."

ಮೇಡಂ ಅಮ್ಮನನ್ನು ನೋಡಿದರು. ತಮ್ಮ ಕೈಯಲ್ಲಿದ್ದ ಲೋಟ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು.

"ಹೇಳ್ತೀನಮ್ಮಾ," ಅಂದರು.

"ಯಾಕ್ ಬಿಟ್ರಿ? ಕಹಿ ಬಂತಾ?" ಅಂದರು ಅಮ್ಮ. ಬಿಡಿಸುವಾಗ ತಾವೇ ಪೊರೆ ಉಳಿಸಿಬಿಟ್ಟೆನೇನೋ ಅನ್ನುವ ಗಾಬರಿ ಅವರಿಗೆ.

"ಇಲ್ಲಮ್ಮಾ. ಹೊಟ್ಟೆ ತುಂಬ್ತು."

ಕಾರಿನವರೆಗೆ ಬಿಡಲು ಹೋದಾಗ ಮೇಡಂ ನನ್ನ ಮುಂಗೈ ಹಿಡಿದರು. "ಅಮ್ಮಂಗೆ ಗೊತ್ತಿಲ್ಲ ಅಂತ ನಂಗ್ ಯಾಕ್ ಹೇಳ್ಲಿಲ್ಲ? ಪಾಪ ನಿನ್ ಗಂಡ. ನನ್ ಒಂದ್ ಗ್ಲಾಸ್‌ಗೋಸ್ಕರ ಅವನ್ ಹೆಸರು ಕೆಡಬಾರ್ದು. ಹೇಳ್ಬಿಡು ಅಮ್ಮಾ."

ಆಗಲೂ ಹೇಳಲಿಲ್ಲ. ಹೇಳಿಸಿದ್ದು ದೇವನಹಳ್ಳಿಯಲ್ಲಿ ನಡೆದ ಒಂದು ನಾಮಕರಣ. ಚಿಕ್ಕಪ್ಪನ ಮಗಳ ಮಗುವಿಗೆ. ಊಟವಾಗಿ ಗಂಡಸರೆಲ್ಲ ಚಪ್ಪರದ ಕೆಳಗೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ನಮ್ಮ ಕಡೆಯ ಹಿರಿಯರೊಬ್ಬರು, ಅಮ್ಮ ಅವರಲ್ಲೂ ಗೋಳು ಹೇಳಿಕೊಂಡಿದ್ದರೆಂದು ಕಾಣುತ್ತದೆ, ಎಲ್ಲರಿಗೂ ಕೇಳುವಂತೆ ನಮ್ಮ ಮನೆಯವರ ಕಡೆ ತಿರುಗಿದರು.

"ಏನಪ್ಪಾ, ಹೆಂಗಿದೀಯಾ ಈಗ? ಬಿಟ್ಟಿದೀಯಾ ಪೂರ್ತಿ? ಆ ಹೆಣ್ಮಗಳ ತಂದೆ ಹೆಂಗ್ ಸತ್ತ ಅಂತ ಊರಿಗೇ ಗೊತ್ತು. ಇನ್ನೊಂದ್ ಸಲ ಕೇಳಿಬಂದ್ರೆ ನಾವು ಸುಮ್ನೆ ಇರಲ್ಲ, ಹೇಳಿದೀನಿ."

ಯಾರೋ ಕಿಸಕ್ಕೆಂದು ನಕ್ಕರು. ನಮ್ಮ ಮನೆಯವರು ಚಾಪೆಯ ಎಳೆ ಕೀಳುತ್ತಾ, "ಬಿಟ್ಟಿದೀನಿ ಮಾವ," ಅಂದರು. ಕಿವಿ ಕೆಂಪಗಾಗಿತ್ತು. ನಾನು ಎಲೆ ಎತ್ತುತ್ತಾ ಇದನ್ನೆಲ್ಲ ನೋಡುತ್ತಿದ್ದೆ. ಕೈಯಲ್ಲಿದ್ದ ಎಂಜಲೆಲೆಗಳನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೋದೆ. ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾತ್ರೆ ತಿಕ್ಕುತ್ತಿದ್ದರು.

"ಅಮ್ಮ, ಅವರು ಯಾವತ್ತೂ ಕುಡಿದಿಲ್ಲ. ಆ ಬಾಟ್ಲಿ ಮೇಡಂಗೆ ಅಂತ ತಂದಿದ್ದು. ಕಲಸಿಕೊಡ್ತಿದ್ದೋಳು ನಾನು."

ಅಮ್ಮ ಬೂದಿ ಕೈಯಲ್ಲೇ ನನ್ನ ಮುಖ ನೋಡಿದರು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಶುರು ಮಾಡಲಾಗುವುದಿಲ್ಲ ಅಂತ ಗೊತ್ತಿತ್ತು. ಐಸು, ಪಾಕ, ಉಪ್ಪು, ಎಲ್ಲ ಹೇಳಿದೆ.

"ನನ್ ಹಣ್ಣು ಅದಕ್ಕೇ ಹಾಕ್ತಿದ್ಯಾ?"

"ಹೂಂ."

ಕೈಯಲ್ಲಿದ್ದ ಪಾತ್ರೆಯನ್ನು ಮತ್ತೆ ತಿಕ್ಕತೊಡಗಿದರು. ಆಮೇಲೆ, "ನೀನು ಕುಡಿದ್ಯಾ?" ಅಂದರು.

"ಚಮಚದಲ್ಲಿ ರುಚಿ ನೋಡ್ತಿದ್ದೆ."

"ಹೆಂಗಿತ್ತು?"

ಕೆಟ್ಟದಾಗಿತ್ತು ಅನ್ನಬಹುದಾಗಿತ್ತು. ಅಷ್ಟು ಸುಳ್ಳಿನ ಮೇಲೆ ಇನ್ನೊಂದು ಬೇಡ ಅನ್ನಿಸಿತು. "ಚೆನ್ನಾಗಿತ್ತು ಕಣಮ್ಮ."

"ನಿಮ್ಮಪ್ಪನಿಗೂ ಚೆನ್ನಾಗೇ ಇತ್ತು," ಅಂದರು ಅಮ್ಮ.

ಹೊಡೆದಿದ್ದರೂ ಅಷ್ಟು ತಗುಲುತ್ತಿರಲಿಲ್ಲ. ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನೇರ ಚಪ್ಪರಕ್ಕೆ ಹೋದರು. ಗಂಡಸರ ನಡುವೆ ಎಂದೂ ನಿಂತು ಮಾತಾಡಿದವರಲ್ಲ. ಅವತ್ತು ನಿಂತರು. "ನಮ್ ಅಳಿಯಂದಿರ ಮೇಲೆ ಇಲ್ಲದ್ದು ಹೇಳಿಬಿಟ್ಟಿದ್ದೆ ನಾನು. ಬಣ್ಣದ ಕೋಣೆ ಸೀಸೆ, ಬಣ್ಣಕ್ಕೆ ಹಾಕೋ ಔಷಧಿ ಅದು. ಮುದುಕಿ, ತಪ್ಪು ತಿಳ್ಕೊಂಡೆ. ಅವರು ಅದನ್ನ ಮೂಸಿ ಸಹ ನೋಡಿದೋರಲ್ಲ," ಅಂದರು. ಹಿರಿಯರು, "ನೋಡಿ ಮಾತಾಡಬಾರ್ದೇನಮ್ಮಾ," ಅಂತ ಗದರಿದರು. ಅಮ್ಮ ತಲೆ ತಗ್ಗಿಸಿಕೊಂಡು ಗದರಿಸಿಕೊಂಡರು. ಮೊದಲು ಗಂಡ, ಈಗ ಅಮ್ಮ. ನಾನು ಮಾಡಿದ್ದಕ್ಕೆ ಎಲ್ಲರೂ ತಲೆ ತಗ್ಗಿಸುತ್ತಿದ್ದರು, ನನ್ನ ತಲೆಯೊಂದು ಬಿಟ್ಟು.

ಹೊರಡುವಾಗ ಚಿಕ್ಕಮ್ಮ ಎಲ್ಲರಿಗೂ ಕಾಫಿ ತಂದರು. ನಾನೇ ಒಂದು ಲೋಟ ತೆಗೆದು ಅಮ್ಮನ ಮುಂದೆ ಹಿಡಿದೆ. "ಇನ್ನಾದ್ರೂ ಕುಡಿಯಮ್ಮ."

ಅಮ್ಮ ಲೋಟವನ್ನು ಹಿಂದಕ್ಕೆ ತಳ್ಳಿದರು. "ಅವರಿಗೋಸ್ಕರ ಬಿಟ್ಟಿದ್ದೆ. ಇನ್ನು ನಿನಗೋಸ್ಕರ."

ಇನ್ನು ಮಾಡುವುದಿಲ್ಲ ಅಂತ ಅಮ್ಮನಿಗೆ ಅವತ್ತೇ ಮಾತು ಕೊಟ್ಟೆ. ಮುಂದಿನ ಸಲ ಮೇಡಂ ಬಂದಾಗ ಇನ್ನು ಮಾಡಿಕೊಡಲಾಗುವುದಿಲ್ಲ ಅಂತ ಹೇಳಿದೆ. ಅವರು "ಸರಿ ಅಮ್ಮಾ," ಅಂದರು. ಮತ್ತೆ ಫ್ಲಾಸ್ಕು ತರತೊಡಗಿದರು. ಆದರೆ ವರಾಂಡದಲ್ಲಿ ಕೂರುತ್ತಿರಲಿಲ್ಲ, ಹಿಂದಿರುಗುವಾಗ ಕಾರಿನಲ್ಲೇ ಕುಡಿಯುತ್ತಿದ್ದರೆಂದು ಕಾಣುತ್ತದೆ. ಬಟ್ಟೆ ಕೊಳ್ಳುವುದನ್ನು ಕಡಿಮೆ ಮಾಡಲಿಲ್ಲ. ಲೋಟ ಕೊಡದಿದ್ದರೆ ವ್ಯಾಪಾರ ಹೋಗುತ್ತದೆ ಅಂತ ನಾವು ಅಂದುಕೊಂಡಿದ್ದೇ ಸುಳ್ಳು. ಅಮ್ಮ ಬಂದು ಅಕ್ಕಿ ಡ್ರಮ್ಮು, ಬಣ್ಣದ ಕೋಣೆ, ನನ್ನ ಮುಖ ಎಲ್ಲ ನೋಡಿ ಹೋಗುತ್ತಿದ್ದರು. ಮಳೆಗಾಲ ಕಳೆದು, ಚಳಿ ಕಳೆದು, ಒಂದು ಬೆಳಿಗ್ಗೆ ತಾವಾಗಿಯೇ, "ಎಲ್ಲಿ, ಒಂದ್ ಲೋಟ ಕಾಫಿ ಕೊಡು," ಅಂದರು. ಕೊಟ್ಟೆ. ಅಷ್ಟು ದಿನ ಬಿಟ್ಟಿದ್ದಕ್ಕೋ ಏನೋ ಅರ್ಧ ಕುಡಿದು, "ಮೊದಲಿನ ಹಂಗೆ ಹಿಡಿಸಲ್ಲ ಕಣೇ," ಅಂದು ಇಟ್ಟುಬಿಟ್ಟರು. ಆಮೇಲೂ ದಿನಕ್ಕೆ ಅರ್ಧ ಲೋಟದ ಮೇಲೆ ಅವರಿಗೆ ಸೇರಲಿಲ್ಲ.

ಮೇಡಂ ಕೊನೆಯ ಸಲ ಬಂದದ್ದು ಅದಾದ ಮರುವರ್ಷ. ಅವರ ಅಕ್ಕನ ಮಕ್ಕಳೆಲ್ಲ ಆಸ್ಟ್ರೇಲಿಯಾಕ್ಕೆ ಹೋಗಿದ್ದರು, ಇವರನ್ನೂ ಕರೆಸಿಕೊಂಡಿದ್ದರು. ದರ್ಜಿಗಳ ಲೆಕ್ಕ ಮುಗಿಸಿ, ಮನೆ ಖಾಲಿ ಮಾಡಿ ಹೇಳಿಹೋಗಲು ಬಂದಿದ್ದರು. ಬಟ್ಟೆ ನೋಡುವ ಕೆಲಸವಿರಲಿಲ್ಲ. ಸುಮ್ಮನೆ ಬೆತ್ತದ ಕುರ್ಚಿಯಲ್ಲಿ ಕೂತು ಮಗ್ಗದ ಸದ್ದು ಕೇಳಿದರು.

"ಫ್ಲಾಸ್ಕ್ ಪ್ಯಾಕ್ ಆಗೋಯ್ತು," ಅಂದರು. ಕನ್ನಡಕದ ದಾರ ಬೆರಳಿಗೆ ಸುತ್ತಿಕೊಳ್ಳುತ್ತಾ, "ಒಂದ್ ಗಿಮ್ಲೆಟ್ ಆಗತ್ತಾ ಅಮ್ಮಾ? ಲಾಸ್ಟು. ನಿನ್ ಕೈದು," ಅಂದರು.

ಬಾಟಲಿಯಲ್ಲಿ ಕಾಲುಭಾಗ ಇನ್ನೂ ಇತ್ತು. ಚೆಲ್ಲಲು ಮನಸ್ಸು ಬಾರದೆ ನಮ್ಮ ಮನೆಯವರು ಶೆಡ್ಡಿನ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರು. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ನಿಂಬೆಹಣ್ಣಿತ್ತು. ಅಮ್ಮ ಅವತ್ತು ಬಂದಿರಲಿಲ್ಲ.

"ಬೇಡ ಮೇಡಂ. ಅಮ್ಮಂಗೆ ಮಾತು ಕೊಟ್ಟಿದೀನಿ," ಅಂದೆ.

"ಕರೆಕ್ಟು, ಕರೆಕ್ಟು," ಅಂತ ಬೇಗಬೇಗ ತಲೆಯಾಡಿಸಿದರು, ಕೇಳಿದ್ದೇ ತಪ್ಪೆನ್ನುವಂತೆ. ಕಾಫಿ ಮಾಡಿಕೊಟ್ಟೆ. ಅವರಿಗೆ ಕಾಫಿ ಸೇರುತ್ತಿರಲಿಲ್ಲ ಅಂತ ನನಗೆ ಗೊತ್ತಿತ್ತು. ತಳದ ಗಸಿಯವರೆಗೂ ಕುಡಿದರು. ನನ್ನ ಕೆನ್ನೆ ಮುಟ್ಟಿ, "ಹೋಗ್ ಬರ್ತೀನಿ ಅಂತ ಅಮ್ಮಂಗೆ ಹೇಳು," ಅಂದು ಕಾರು ಹತ್ತಿದರು. ಅದಾದ ಮೇಲೆ ಅವರ ಸುದ್ದಿ ಬರಲಿಲ್ಲ.

ಮೇಡಂ ಕೊನೆಯ ಲೋಟ ಕೇಳಿದ್ದು, ನಾನು ಬೇಡ ಅಂದದ್ದು ಎಲ್ಲ ಅಮ್ಮನಿಗೆ ಹೇಳಿದೆ. "ಕೊಡಬೇಕಿತ್ತು ಕಣೇ," ಅಂದರು. "ಅಷ್ಟು ದೂರ ಹೋಗೋಳು." ಕೊಟ್ಟಿದ್ದರೆ ಅಮ್ಮನ ಮುಂದೆ ತಪ್ಪಿತಸ್ಥೆ. ಕೊಡದೆ ಮೇಡಂ ಮುಂದೆ ಆದೆ.

ಮರುದಿನ ನಮ್ಮ ಮನೆಯವರು ಬೀರು ತೆಗೆದು, ಉಳಿದಿದ್ದನ್ನು ಬಣ್ಣದ ಕೋಣೆಯ ಮೋರಿಗೆ ಸುರಿದು, ಬಾಟಲಿ ತೊಳೆದು ಹಳೇ ಸಾಮಾನಿನವನಿಗೆ ಹಾಕಿದರು. ನಾನು ನೂಲು ಆರಿಸುವ ನೆಪದಲ್ಲಿ ಆ ಕೋಣೆಗೆ ಹೋದೆ. ನಿಂಬೆ ಸಿಪ್ಪೆ, ಕೊತ್ತಂಬರಿ ಬೀಜದ ಆ ವಾಸನೆ ಗಾಢವಾಗಿ ನಿಂತಿತ್ತು. ಅದು ಪೂರ್ತಿ ಹೋಗುವವರೆಗೂ ಬಾಗಿಲು ಮುಂದಕ್ಕೆಳೆದುಕೊಂಡು ಒಳಗೇ ನಿಂತಿದ್ದೆ.